ರಾತ್ರಿ ಮಂಡಕ್ಕಿ ಸಾಕಾ?

ಪ್ರಶ್ನೆ: ನಮ್ಮ ತಂದೆಗೆ 72 ವರ್ಷ. ಹಲ್ಲಿಲ್ಲ ಅಂತ ರಾತ್ರಿ ಬರೀ ಒಗ್ಗರಣೆ ಮಂಡಕ್ಕಿ, ಚಹಾ. ಈಗ ಕಾಲಲ್ಲಿ ಶಕ್ತಿಯೇ ಇಲ್ಲ ಅಂತಾರೆ. ಏನು ಕೊಡೋಣ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ದಾವಣಗೆರೆಯವರಿಗೆ ಮಂಡಕ್ಕಿ ಬಿಡಿ ಅನ್ನೋ ಧೈರ್ಯ ನನಗಿಲ್ಲ! ಆದರೆ ಅದರಲ್ಲಿ ಪ್ರೋಟೀನ್ ಕಡಿಮೆ. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಅದಕ್ಕೇ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1 ಗ್ರಾಂ ಪ್ರೋಟೀನ್ ಬೇಕು, ಅಂದರೆ 60 ಕಿಲೋ ಇದ್ದರೆ 60 ಗ್ರಾಂ. ಮೆತ್ತಗೆ ಬೇಯಿಸಿದ ಹೆಸರುಬೇಳೆ, ಮೊಸರು, ಹಾಲು, ತಿನ್ನುವವರಾದರೆ ಮೊಟ್ಟೆ (ಒಂದರಲ್ಲಿ ಸುಮಾರು 6 ಗ್ರಾಂ) ಕೊಡಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ. ಕಾಲು ಸೋಲೋದಕ್ಕೆ ವಿಟಮಿನ್ ಬಿ12 ಕೊರತೆಯೂ ಕಾರಣ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ. ಹಾಗೇ ಹಲ್ಲಿನ ಸೆಟ್ಟನ್ನೂ ಹಾಕಿಸಬಹುದಲ್ವಾ?