ಸಂಪಾದಕರ ಉತ್ತರ: ಹತ್ತು ನಿಮಿಷದ ಭೇಟಿಗೆ ಮುನ್ನ

(ಗುಬ್ಬಿ ತಾಲ್ಲೂಕಿನ ಪ್ರೌಢಶಾಲಾ ಶಿಕ್ಷಕಿಯೊಬ್ಬರು ಬರೆದ ಪತ್ರದ ಸಾರ: ಅವರು ಬರೆಯುತ್ತಿರುವ ಕಾದಂಬರಿಗೆ ಕೊನೆಯ ಎರಡು ಅಧ್ಯಾಯಗಳು ಬಾಕಿ ಇವೆ. ಮೊದಲ ಮೂರು ಅಧ್ಯಾಯಗಳನ್ನು ಗೆಳತಿಯೊಬ್ಬರು ಇಂಗ್ಲಿಷಿಗೆ ಅನುವಾದಿಸಿದ್ದಾರೆ. ಬೆಂಗಳೂರಿನಲ್ಲಿ ನಡೆಯಲಿರುವ ಲೇಖಕರ ಸಮಾವೇಶವೊಂದರಲ್ಲಿ, ಪ್ರತ್ಯೇಕ ಶುಲ್ಕ ಕಟ್ಟಿದವರು, ಲೇಖಕರ ಪರವಾಗಿ ಪ್ರಕಾಶಕರೊಂದಿಗೆ ವ್ಯವಹರಿಸುವ ಲಿಟರರಿ ಏಜೆಂಟರನ್ನೋ ಪ್ರಕಾಶನ ಸಂಸ್ಥೆಯ ಸಂಪಾದಕರನ್ನೋ ಹತ್ತು ನಿಮಿಷ ಭೇಟಿ ಮಾಡಬಹುದಂತೆ. ಹೋಗಬೇಕೇ, ಏನನ್ನು ಒಯ್ಯಬೇಕು, ಹೇಳಿದ ಕಥೆಯನ್ನು ಯಾರಾದರೂ ಕದ್ದರೆ ಗತಿಯೇನು, ತಡವರಿಸುವ ಇಂಗ್ಲಿಷಿನಲ್ಲಿ ಹೇಗೆ ಮಾತಾಡುವುದು ಎಂದು ಅವರು ಕೇಳಿದ್ದಾರೆ.)

ಮಾನ್ಯರೇ,

ಸಮಾವೇಶಕ್ಕೆ ಖಂಡಿತ ಹೋಗಿ. ಆದರೆ ಈ ವರ್ಷ ಆ ಹತ್ತು ನಿಮಿಷದ ಭೇಟಿಗೆ ಹಣ ಕಟ್ಟಬೇಡಿ. ನಿಮ್ಮ ಪತ್ರವನ್ನು ಎರಡೆರಡು ಸಲ ಓದಿದ ಮೇಲೆಯೇ ಈ ಮಾತು ಹೇಳುತ್ತಿದ್ದೇನೆ.

“ಯಾರಾದರೂ ಒಪ್ಪಿದರೆ ಉಳಿದೆರಡು ಅಧ್ಯಾಯಗಳನ್ನು ಮುಗಿಸುತ್ತೇನೆ” ಎಂದು ನೀವು ಬರೆದಿದ್ದೀರಿ. ವಿಚಾರ ಪ್ರಧಾನವಾದ ಪುಸ್ತಕವಾದರೆ ಒಂದು ಯೋಜನೆ, ಜೊತೆಗೆ ಒಂದೆರಡು ಮಾದರಿ ಅಧ್ಯಾಯಗಳನ್ನು ನೋಡಿ ಪ್ರಕಾಶಕರು ಒಪ್ಪಿಕೊಳ್ಳುವುದುಂಟು. ಹೊಸಬರ ಕಾದಂಬರಿಗೆ ಆ ಸೌಲಭ್ಯವಿಲ್ಲ. ಕಥೆಯನ್ನು ಆರಂಭಿಸಬಲ್ಲವರು ಬಹಳ ಮಂದಿ ಇದ್ದಾರೆ, ಅದನ್ನು ದಡ ಮುಟ್ಟಿಸಬಲ್ಲವರು ಕಡಿಮೆ ಎಂಬುದು ಓದುವುದನ್ನೇ ಕಸುಬಾಗಿ ಮಾಡಿಕೊಂಡ ಎಲ್ಲರಿಗೂ ಗೊತ್ತು. ಆದ್ದರಿಂದ ಅವರು ಪೂರ್ಣ ಹಸ್ತಪ್ರತಿಯನ್ನೇ ಕೇಳುತ್ತಾರೆ. ಅಂಥ ಭೇಟಿಯಲ್ಲಿ ಯಾರೂ ಸ್ಥಳದಲ್ಲೇ ಪುಸ್ತಕವನ್ನು ಒಪ್ಪಿಕೊಳ್ಳುವುದಿಲ್ಲ. ಎಲ್ಲವೂ ಚೆನ್ನಾಗಿ ನಡೆದರೆ ಸಿಗುವುದು “ಕಳುಹಿಸಿ, ಓದುತ್ತೇನೆ” ಎಂಬ ಒಂದೇ ಮಾತು. ಆ ಮಾತು ಸಿಕ್ಕ ದಿನ ಕಳುಹಿಸಲು ನಿಮ್ಮಲ್ಲಿ ಏನೂ ಇಲ್ಲದಿದ್ದರೆ, ಆರು ತಿಂಗಳ ನಂತರ ನೀವು ಕಳುಹಿಸುವ ಹೊತ್ತಿಗೆ ಅವರಿಗೆ ನಿಮ್ಮ ಹೆಸರೂ ನೆನಪಿರುವುದಿಲ್ಲ.

ನಮ್ಮ ಸಾಹಿತ್ಯ ಸಮ್ಮೇಳನಗಳ ರೂಢಿಯೇ ಮನಸ್ಸಿನಲ್ಲಿದ್ದರೆ ಈ ಸಮಾವೇಶ ನಿಮಗೆ ಹೊಸದೆನ್ನಿಸಬಹುದು. 2002ರಲ್ಲಿ ಯು.ಆರ್. ಅನಂತಮೂರ್ತಿಯವರ ಅಧ್ಯಕ್ಷತೆಯಲ್ಲಿ ತುಮಕೂರಿನಲ್ಲೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದನ್ನು ಜಿಲ್ಲೆಯ ಹಿರಿಯ ಓದುಗರು ಮರೆತಿರಲಾರರು. ಅಲ್ಲಿ ಮೆರವಣಿಗೆ, ವಿಚಾರಗೋಷ್ಠಿ, ಕವಿಗೋಷ್ಠಿ, ಪುಸ್ತಕ ಮಳಿಗೆ, ನಿರ್ಣಯಗಳು ಎಲ್ಲವೂ ಇರುತ್ತವೆ. ಹಸ್ತಪ್ರತಿಗಳನ್ನು ಆರಿಸಲೆಂದು ಮಾತ್ರ ಯಾರೂ ಬರುವುದಿಲ್ಲ. ಮಳಿಗೆಯಲ್ಲಿ ಬಿಲ್ಲು ಬರೆಯುತ್ತಾ ಕೂತ ಪ್ರಕಾಶಕರ ಕೈಗೆ, ಜನಜಂಗುಳಿಯ ನಡುವೆಯೇ, ದಾರ ಸುತ್ತಿದ ಹಸ್ತಪ್ರತಿಯ ಕಟ್ಟನ್ನು ಕೊಟ್ಟು ಕೈಮುಗಿದು ಹೋಗುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸಂಜೆ ಆ ಕಟ್ಟು ಮಾರಾಟವಾಗದ ಪುಸ್ತಕಗಳ ಜೊತೆಗೆ ರಟ್ಟಿನ ಪೆಟ್ಟಿಗೆ ಸೇರುತ್ತದೆ. ವರ್ಷಗಟ್ಟಲೆ ಬರೆದದ್ದಕ್ಕೆ ಆ ಗತಿ ಬರಬಾರದು.

ನೀವು ಹೇಳುತ್ತಿರುವ ಬಗೆಯ ಸಮಾವೇಶ ಇಂಗ್ಲಿಷ್ ಪ್ರಕಾಶನ ಲೋಕದಿಂದ ಬಂದದ್ದು. ಬ್ರಿಟನ್ ಮತ್ತು ಅಮೆರಿಕದ ದೊಡ್ಡ ಪ್ರಕಾಶನ ಸಂಸ್ಥೆಗಳು ಸಾಮಾನ್ಯವಾಗಿ ಏಜೆಂಟರ ಮೂಲಕ ಬಂದ ಕೃತಿಗಳನ್ನು ಮಾತ್ರ ಓದುವುದರಿಂದ, ಅಲ್ಲಿ ಲೇಖಕರಿಗೆ ಏಜೆಂಟರನ್ನು ಕಾಣುವುದೇ ಮೊದಲ ಮೆಟ್ಟಿಲು. ನಮ್ಮಲ್ಲಿ ಜೈಪುರ ಸಾಹಿತ್ಯ ಉತ್ಸವದ ಅಂಗವಾಗಿ 2014ರಿಂದ ನಡೆಯುತ್ತಿರುವ ಜೈಪುರ ಬುಕ್‌ಮಾರ್ಕ್ ಪ್ರಕಾಶಕರು, ಏಜೆಂಟರು, ಅನುವಾದಕರು ಒಂದೆಡೆ ಸೇರುವ ಜಾಗ. 2012ರಲ್ಲಿ ಆರಂಭವಾದ ಬೆಂಗಳೂರು ಸಾಹಿತ್ಯ ಉತ್ಸವಕ್ಕಂತೂ ಪ್ರವೇಶ ಶುಲ್ಕವೇ ಇಲ್ಲ. ಸಂಪಾದಕರು ಹೇಗೆ ಮಾತಾಡುತ್ತಾರೆ, ಯಾವುದಕ್ಕೆ ಕಣ್ಣರಳಿಸುತ್ತಾರೆ ಎಂಬುದನ್ನು ಖರ್ಚಿಲ್ಲದೆ ನೋಡಿ ಬರಬಹುದು. ಕನ್ನಡದ ಮಟ್ಟಿಗೆ ಏಜೆಂಟರ ಪದ್ಧತಿಯೇ ಬೆಳೆದಿಲ್ಲ. ಇಲ್ಲಿ ಪ್ರಕಾಶಕರಿಗೆ ನೇರವಾಗಿ ಪತ್ರ ಬರೆಯಬೇಕು, ಅನೇಕ ಕಡೆ ಪ್ರಕಾಶಕರೇ ಸಂಪಾದಕರೂ ಆಗಿರುತ್ತಾರೆ. ಹಾಗಾಗಿ ನಿಮ್ಮ ಕಾದಂಬರಿ ಕನ್ನಡದಲ್ಲಿ ಪ್ರಕಟವಾಗಲು ಈ ಸಮಾವೇಶವನ್ನು ಕಾಯಬೇಕಾಗಿಲ್ಲ. ಇಂಗ್ಲಿಷ್ ಅನುವಾದದ ಸಲುವಾಗಿ ಮಾತ್ರ ಅದು ನಿಮಗೆ ಉಪಯುಕ್ತ.

ಹಣದ ವಿಷಯ. ಸಮಾವೇಶದ ಪ್ರವೇಶ ಶುಲ್ಕ, ಭೇಟಿಯ ವೇಳೆಗೆಂದು ಸಂಘಟಕರು ಪಡೆಯುವ ಶುಲ್ಕ, ಇವುಗಳಲ್ಲಿ ತಪ್ಪಿಲ್ಲ, ಹೊರದೇಶಗಳಲ್ಲೂ ಇದೆ. ಆದರೆ ಏಜೆಂಟ್ ಎಂದು ಹೇಳಿಕೊಳ್ಳುವವರು ಹಸ್ತಪ್ರತಿ ಓದಲು ಹಣ ಕೇಳಿದರೆ, ಅಥವಾ ಇಷ್ಟು ಕಟ್ಟಿದರೆ ಮುದ್ರಣ, ಬಿಡುಗಡೆ, ಪ್ರಚಾರ ಎಲ್ಲವನ್ನೂ ಮಾಡಿಕೊಡುತ್ತೇವೆ ಎಂದರೆ, ಅಲ್ಲಿಂದ ಎದ್ದು ಬನ್ನಿ. ನಿಜವಾದ ಏಜೆಂಟರ ಸಂಪಾದನೆ ಲೇಖಕರ ಗಳಿಕೆಯ ಒಂದು ಪಾಲು: ಸ್ವದೇಶದ ಮಾರಾಟಕ್ಕೆ ಸಾಮಾನ್ಯವಾಗಿ ಶೇ. 15, ಹೊರದೇಶದ ಮತ್ತು ಅನುವಾದದ ಹಕ್ಕುಗಳಿಗೆ ಶೇ. 20ರಷ್ಟು. ಪುಸ್ತಕದ ಹಕ್ಕು ಪ್ರಕಾಶಕರಿಗೆ ಮಾರಾಟವಾಗುವವರೆಗೆ ಅವರಿಗೆ ನೀವು ಏನನ್ನೂ ಕೊಡಬೇಕಾಗಿಲ್ಲ. ಯಾರು ನಂಬಿಕಸ್ತರು ಎಂದು ತಿಳಿಯಲು ಒಂದು ಸುಲಭ ದಾರಿಯಿದೆ. ನಿಮಗೆ ಮೆಚ್ಚುಗೆಯಾದ ಅನುವಾದಿತ ಕಾದಂಬರಿಗಳ ಕೃತಜ್ಞತೆಯ ಪುಟವನ್ನು ತೆರೆದು ನೋಡಿ. ಲೇಖಕರು ತಮ್ಮ ಏಜೆಂಟರನ್ನೂ ಸಂಪಾದಕರನ್ನೂ ಹೆಸರು ಹೇಳಿ ನೆನೆದಿರುತ್ತಾರೆ. ಆ ಹೆಸರುಗಳನ್ನು ಬರೆದಿಟ್ಟುಕೊಳ್ಳಿ, ಸಮಾವೇಶದ ಪಟ್ಟಿಯೊಂದಿಗೆ ತಾಳೆ ನೋಡಿ.

ಈಗ ನಿಮ್ಮ ಕಥೆಯ ಬಗ್ಗೆ. ಭೇಟಿಯಲ್ಲಿ ಹೇಳಲೆಂದು ನೀವು ಸಿದ್ಧಪಡಿಸಿಕೊಂಡ ವಾಕ್ಯ ಹೀಗಿದೆ: “ನನ್ನ ಕಾದಂಬರಿ ಗ್ರಾಮೀಣ ಬದುಕಿನ ತಲ್ಲಣಗಳನ್ನೂ ಸ್ತ್ರೀಯರ ನೋವನ್ನೂ ಪರಿಸರ ನಾಶವನ್ನೂ ಸಮರ್ಥವಾಗಿ ಚಿತ್ರಿಸುತ್ತದೆ.” ಈ ಮಾತು ಇನ್ನೂ ನೂರು ಕಾದಂಬರಿಗಳಿಗೆ ಹೊಂದುತ್ತದೆ, ಆದ್ದರಿಂದ ಕೇಳಿದವರ ಕಣ್ಣಮುಂದೆ ಏನೂ ನಿಲ್ಲುವುದಿಲ್ಲ. ಆದರೆ ಅದೇ ಪತ್ರದ ಮೂರನೆಯ ಪುಟದಲ್ಲಿ, ಯಾವುದೋ ಪ್ರಸಂಗಕ್ಕೆ, ನೀವು ಬರೆದಿರುವುದನ್ನು ನೋಡಿ: ಬೋರ್‌ವೆಲ್‌ಗಳು ಬಂದ ಮೇಲೆ ಯಾರಿಗೂ ಬೇಡವಾದ ನೀರುಗಂಟಿ ಈಗಲೂ ದಿನಾ ಬೆಳಿಗ್ಗೆ ಬತ್ತಿದ ಕೆರೆಯ ತೂಬಿನ ಹತ್ತಿರ ಹೋಗಿ ನಿಲ್ಲುತ್ತಾನೆ, ಅವನ ಮಗಳು ಬೋರ್‌ವೆಲ್ ಲಾರಿ ಇಟ್ಟವನ ಮನೆಗೆ ಸೊಸೆಯಾಗಿ ಹೋಗಲು ಒಪ್ಪಿಕೊಂಡಿದ್ದಾಳೆ, ಅಪ್ಪನಿಗೆ ಇನ್ನೂ ಹೇಳಿಲ್ಲ. ಇದನ್ನು ಓದಿದ ಕೂಡಲೇ ನನಗೆ ಮುಂದೇನಾಯಿತು ಎಂದು ತಿಳಿಯಬೇಕೆನ್ನಿಸಿತು. ಭೇಟಿಯಲ್ಲಿ ಹೇಳಬೇಕಾದದ್ದು ಇಷ್ಟೇ. ಯಾರ ಕಥೆ, ಅವರಿಗೆ ಏನು ಬೇಕಾಗಿದೆ, ಅಡ್ಡ ನಿಂತಿರುವುದು ಯಾವುದು ಎಂಬುದನ್ನು ಎರಡು ಮೂರು ವಾಕ್ಯಗಳಲ್ಲಿ ಹೇಳಿ ನಿಲ್ಲಿಸಿ, ಅವರು ಕೇಳಲಿ. ಉಳಿದ ಹೊತ್ತು ಅವರ ಪ್ರಶ್ನೆಗಳಿಗೇ ಮೀಸಲು. ಪಡೆದ ಬಹುಮಾನಗಳು, ಮುನ್ನುಡಿ ಬರೆಯಲು ಒಪ್ಪಿದ ಹಿರಿಯರು, ಇವೆಲ್ಲ ಮುಂದೆ ಬರೆಯುವ ಪತ್ರದಲ್ಲಿ ಒಂದು ಸಾಲಾದರೆ ಸಾಕು.

ತಡವರಿಸುವ ಇಂಗ್ಲಿಷಿನ ಬಗ್ಗೆ ಸಂಕೋಚ ಬೇಡವೇ ಬೇಡ. ಅವರು ಓದುವುದು ಪುಟವನ್ನು. ಸಂಘಟಕರನ್ನು ಮೊದಲೇ ಕೇಳಿ, ನಿಮ್ಮ ಅನುವಾದಕಿಯನ್ನು ಜೊತೆಗೆ ಕರೆದುಕೊಂಡು ಹೋಗಿ. ಅನುವಾದಿತ ಕೃತಿಯ ವಿಷಯದಲ್ಲಿ ಅದು ಸಹಜವಾದದ್ದು. ಬಾನು ಮುಷ್ತಾಕ್ ಅವರ 12 ಕಥೆಗಳ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ, 50,000 ಪೌಂಡ್ ಬಹುಮಾನವನ್ನು ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮನಾಗಿ ಹಂಚಲಾಯಿತು. ಅನುವಾದಕರ ಸ್ಥಾನ ಅಂಥದ್ದು. ನಿಮ್ಮ ಗೆಳತಿಯೊಂದಿಗೆ ಈವರೆಗೆ ಬರೀ ಬಾಯಿಮಾತಿನ ಒಪ್ಪಂದವಿದ್ದರೆ, ಯಾರನ್ನಾದರೂ ಕಾಣುವ ಮೊದಲೇ ಯಾರ ಪಾಲು ಎಷ್ಟು, ಪುಸ್ತಕದ ಮೇಲೆ ಯಾರ ಹೆಸರು ಎಲ್ಲಿ ಎಂಬುದನ್ನು ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಮಾಡಿ. ಇದರಿಂದ ಸ್ನೇಹ ಕೆಡುವುದಿಲ್ಲ, ಉಳಿಯುತ್ತದೆ.

ಕಥೆಯನ್ನು ಕದಿಯುತ್ತಾರೆ ಎಂಬ ಭಯಕ್ಕೆ ಉತ್ತರ ಚಿಕ್ಕದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೀವು ಬರೆದ ಕೃತಿಯ ಹಕ್ಕು ಬರೆದಾಗಲೇ ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಕಾಯ್ದೆ ಕಾಪಾಡುವುದು ನೀವು ಬರೆದ ರೀತಿಯನ್ನು, ಬರಿಯ ಕಥಾವಸ್ತುವನ್ನಲ್ಲ. ನೀರುಗಂಟಿಯ ವಿಷಯವನ್ನು ಇನ್ನೊಬ್ಬರೂ ಎತ್ತಿಕೊಳ್ಳಬಹುದು, ಆದರೆ ಆ ಮನೆಯೊಳಗಿನ ಮಾತು ನಿಮಗೆ ಕೇಳಿಸಿದಂತೆ ಅವರಿಗೆ ಕೇಳಿಸಲಾರದು.

ಈ ಸಲ ಸಮಾವೇಶದಲ್ಲಿ ಕೇಳುಗರಾಗಿ ಕುಳಿತುಕೊಳ್ಳಿ. ಹೊಸಬರ ಮೊದಲ ಪುಟವನ್ನು ಗಟ್ಟಿಯಾಗಿ ಓದಿಸಿ, ಯಾವ ಸಾಲಿನಲ್ಲಿ ತಮ್ಮ ಆಸಕ್ತಿ ಕುಗ್ಗಿತು ಎಂದು ಏಜೆಂಟರೇ ಹೇಳುವ ಗೋಷ್ಠಿಗಳು ಇಂಥ ಕಡೆ ಇರುತ್ತವೆ. ಕಾರ್ಯಕ್ರಮ ಪಟ್ಟಿಯಲ್ಲಿ ಅಂಥದ್ದಿದ್ದರೆ ಉಳಿದೆಲ್ಲವನ್ನೂ ಬಿಟ್ಟಾದರೂ ಅಲ್ಲಿರಿ. ಊಟದ ಸಾಲಿನಲ್ಲಿ ಯಾರ ಕೈಗೂ ಹಸ್ತಪ್ರತಿ ಕೊಡಬೇಡಿ. ಊರಿಗೆ ಬಂದು ಎರಡು ಅಧ್ಯಾಯ ಮುಗಿಸಿ, ಒಂದು ತಿಂಗಳು ಬದಿಗಿಟ್ಟು, ಮತ್ತೆ ಮೊದಲಿನಿಂದ ಓದಿ ತಿದ್ದಿ. ಇನ್ನೊಂದು ಮಾತು: ನೀವು ನಮಗೆ ಕಳುಹಿಸಿದ ಮಾದರಿ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿತ್ತು, ನಮ್ಮ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ತೆರೆದುಕೊಂಡಿತು. ಯಾರಿಗೇ ಕಳುಹಿಸಿದರೂ, ಎಲ್ಲ ಕಂಪ್ಯೂಟರುಗಳಲ್ಲೂ ಸರಿಯಾಗಿ ತೆರೆದುಕೊಳ್ಳುವ ಯೂನಿಕೋಡ್‌ಗೆ ಬದಲಿಸಿ, ಜೊತೆಗೆ ಪಿಡಿಎಫ್ ಇಟ್ಟು ಕಳುಹಿಸಿ.

ಮುಂದಿನ ವರ್ಷ ಭೇಟಿಗೆ ಹೆಸರು ಕೊಟ್ಟು, “ಕಳುಹಿಸಿ” ಎಂಬ ಮಾತು ಸಿಕ್ಕಿದರೆ, ಒಂದು ವಾರದೊಳಗೆ, ಎಲ್ಲಿ ಭೇಟಿಯಾದೆವೆಂದು ನೆನಪಿಸಿ, ಅವರು ಕೇಳಿದಷ್ಟೇ ಪುಟಗಳನ್ನು ಕಳುಹಿಸಿ. ಉತ್ತರಕ್ಕೆ ತಿಂಗಳುಗಳೇ ಹಿಡಿಯಬಹುದು. ಒಪ್ಪಂದದ ಕರಡು ಬಂದರೆ ಯಾವ ಯಾವ ಹಕ್ಕು, ಎಷ್ಟು ವರ್ಷ, ಯಾವ ದೇಶಗಳಿಗೆ, ರಾಯಲ್ಟಿ ಎಷ್ಟು ಎಂಬ ನಾಲ್ಕನ್ನೂ ಹುಡುಕಿ. ಅವಧಿ ಬರೆದಿಲ್ಲದಿದ್ದರೆ ಕೃತಿಸ್ವಾಮ್ಯ ಕಾಯ್ದೆಯ 19ನೆಯ ವಿಧಿ ಅದನ್ನು 5 ವರ್ಷವೆಂದೂ, ಪ್ರದೇಶ ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರವೆಂದೂ ಭಾವಿಸುತ್ತದೆ. ಆದರೆ “ಸರ್ವಹಕ್ಕುಗಳೂ ಶಾಶ್ವತವಾಗಿ” ಎಂದು ಬರೆದ ಕಾಗದಕ್ಕೆ ಸಹಿ ಮಾಡಿದ ಮೇಲೆ ಆ ರಕ್ಷಣೆ ನಿಮಗೆ ಸಿಗುವುದಿಲ್ಲ. ಸಿನಿಮಾ, ಆಡಿಯೋ ಹಕ್ಕುಗಳನ್ನು ಸಾಧ್ಯವಾದಷ್ಟೂ ನಿಮ್ಮಲ್ಲೇ ಉಳಿಸಿಕೊಳ್ಳಿ. ಸಹಿಗೆ ಮೊದಲು ಆ ಕರಡಿನ ಒಂದು ಪ್ರತಿಯನ್ನು ನಮ್ಮ ಕಾರ್ಯಾಲಯಕ್ಕೆ ತಂದರೆ, ವಕೀಲರೊಬ್ಬರನ್ನೂ ಕರೆಸಿ ಸಾಲು ಸಾಲಾಗಿ ಓದಿ ನೋಡೋಣ.

— ಸಂಪಾದಕ