ಮಾರ್ಫಿನ್ ಕೊಟ್ಟ ಮೇಲೆ ರೋಗಿ ತೀರಿಕೊಂಡರೆ ಅದು ಕೊಂದಂತೆಯೇ?

ನರ್ಸಿಂಗ್ ಓದುತ್ತಿರುವ ನಿಮ್ಮ ಪ್ರಶ್ನೆ ಇಷ್ಟು: ಕೊನೆ ಹಂತದ ಕ್ಯಾನ್ಸರ್ ರೋಗಿ ನೋವು ತಗ್ಗಿಸುವ ಮಾರ್ಫಿನ್ ಕೊಟ್ಟ ಕೆಲವೇ ಗಂಟೆಗಳಲ್ಲಿ ತೀರಿಕೊಂಡರೆ ಆ ಪಾಪ ನರ್ಸ್‌ಗೆ ತಟ್ಟುತ್ತದೆಯೇ, ನೀತಿಶಾಸ್ತ್ರದ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆಯೇ?

ಖಂಡಿತ ಬರುತ್ತದೆ. ಒಂದೇ ಕೃತ್ಯಕ್ಕೆ ನಾವು ಬಯಸಿದ ಫಲವೂ ಬಯಸದ ಫಲವೂ ಇರಬಹುದು ಎಂದು 13ನೇ ಶತಮಾನದಲ್ಲಿ ಕ್ರೈಸ್ತ ದಾರ್ಶನಿಕ ಥಾಮಸ್ ಅಕ್ವಿನಾಸ್ ಆತ್ಮರಕ್ಷಣೆಯ ಬಗ್ಗೆ ಬರೆಯುತ್ತಾ ಹೇಳಿದ. ಅದರಿಂದ ಬೆಳೆದದ್ದು ದ್ವಿಪರಿಣಾಮ ತತ್ವ. ಬಯಸದ ಕೆಡುಕು ಆಗಬಹುದಾದರೂ ಕೃತ್ಯ ಸರಿಯೆನಿಸಲು ಅದು ಇಡುವ ಷರತ್ತು ನಾಲ್ಕು: ಕೆಲಸ ತಾನೇ ಕೆಟ್ಟದ್ದಾಗಿರಬಾರದು, ಬಯಸಿದ್ದು ಒಳಿತನ್ನೇ ಆಗಿರಬೇಕು, ಕೆಡುಕಿನ ಮೂಲಕ ಒಳಿತು ಸಾಧಿಸಬಾರದು, ಅಪಾಯಕ್ಕೆ ತಕ್ಕ ಕಾರಣವಿರಬೇಕು.

ಉದ್ದೇಶ ಮನಸ್ಸಿನೊಳಗಿನದು, ಅದನ್ನು ಕಂಡವರ್ಯಾರು ಎಂದು ತರಗತಿಯಲ್ಲಿ ವಾದ ನಡೆಯುತ್ತದೆ. ವಾರ್ಡಿನಲ್ಲಿ ಅದು ಕೇಸ್ ಶೀಟಿನಲ್ಲೇ ಕಾಣುತ್ತದೆ. ಬಾಯಿಂದ ಕೊಡುವ ಮಾರ್ಫಿನ್ 10 ಮಿ.ಗ್ರಾಂ., ನಾಲ್ಕು ಗಂಟೆಗೊಮ್ಮೆ: ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10ಕ್ಕೆ 20 ಕೊಟ್ಟರೆ ನಡುರಾತ್ರಿ ಎಬ್ಬಿಸಬೇಕಿಲ್ಲ. ಮಧ್ಯೆ ನೋವು ನುಗ್ಗಿದರೆ ದಿನದ ಒಟ್ಟು ಪ್ರಮಾಣದ ಆರನೇ ಒಂದು ಭಾಗ, ಅಂದರೆ 10. ಸಾಲದಿದ್ದರೆ ವೈದ್ಯರು ಶೇ. 30ರಿಂದ 50ರಷ್ಟು ಏರಿಸುತ್ತಾರೆ. ಪ್ರತಿ ಸಲ ನೋವಿನ ಅಂಕ, ಎಚ್ಚರದ ಮಟ್ಟ, ಉಸಿರಾಟದ ಗತಿ ಬರೆದಿದ್ದರೆ ಅದು ನೋವಿಗೆ ಕೊಟ್ಟ ಔಷಧ. ನೋವಿನ ಅಂಕವೇ ಇಲ್ಲದೆ 10 ಒಮ್ಮೆಲೇ 60 ಆಗಿದ್ದರೆ, ಬಾಯಲ್ಲಿ ಏನೇ ಹೇಳಿದರೂ ಉದ್ದೇಶ ಬೇರೆ.

ಹೀಗೆ ಹಂತಹಂತವಾಗಿ ಏರಿಸಿದ ಮಾರ್ಫಿನ್ ಸಾಮಾನ್ಯವಾಗಿ ಸಾವನ್ನು ಹತ್ತಿರ ತರುವುದಿಲ್ಲ. ಕೊನೆಯ ಡೋಸ್ ಆದ ಮೇಲೆ ಬಂದ ಸಾವು ಬಹುತೇಕ ರೋಗದ್ದೇ. ಎಡವುವುದು ಬೇರೆ ಕಡೆ. ಕಿಡ್ನಿ ಸೋತು ಮೂತ್ರ ಕಡಿಮೆಯಾಗಿ, ರಕ್ತದಲ್ಲಿ ಅದನ್ನು ತೋರಿಸುವ ಕ್ರಿಯಾಟಿನಿನ್ ಏರಿದಾಗ ಔಷಧದ ಅಂಶ ಮೈಯಲ್ಲೇ ಉಳಿಯುತ್ತದೆ: ಮೊದಲು ತೂಕಡಿಕೆ, ಕೈಕಾಲು ಅದಿರುವುದು, ಆಮೇಲೆ ಉಸಿರು ನಿಧಾನ. ಕರೆದರೂ ಏಳದೆ, ಉಸಿರು ನಿಮಿಷಕ್ಕೆ 8ಕ್ಕಿಂತ ಇಳಿದರೆ ಮುಂದಿನ ಡೋಸ್ ತಡೆದು ಕೂಡಲೇ ವೈದ್ಯರನ್ನು ಕರೆಯಿರಿ. ಅವರು ಮಾರ್ಫಿನ್ ಪರಿಣಾಮ ಇಳಿಸುವ ನಲಾಕ್ಸೋನ್ ಬರೆದರೆ 400 ಮೈಕ್ರೋಗ್ರಾಂ ಆಂಪ್ಯೂಲನ್ನು ಸಲೈನ್ ಸೇರಿಸಿ 10 ಮಿ.ಲೀ. ಮಾಡಿ, ಅವರು ಹೇಳಿದಂತೆ ಸ್ವಲ್ಪಸ್ವಲ್ಪವೇ ಕೊಡಿ. ಇಡೀ ಆಂಪ್ಯೂಲ್ ಒಮ್ಮೆಗೇ ಹೋದರೆ ನೋವು ಹುಚ್ಚೆದ್ದು ಮರಳುತ್ತದೆ.

ಹೆದರಿ ಡೋಸ್ ತಪ್ಪಿಸುವುದೂ ಒಂದು ಕೃತ್ಯವೇ. ನನಗೆ ಹೆಚ್ಚು ಸಂಕಟ ತರುವ ತಪ್ಪು ಅದೇ.

"ಸಿಸ್ಟರ್, ಇನ್ನೊಂದು ಇಂಜೆಕ್ಷನ್ ಕೊಟ್ಟು ಮುಗಿಸಿಬಿಡಿ, ನೋಡಕ್ಕಾಗ್ತಿಲ್ಲ" ಎಂದು ಮನೆಯವರು ಬೇಡಿದರೆ ಗದರಬೇಡಿ. ಏನನ್ನು ನೋಡಕ್ಕಾಗ್ತಿಲ್ಲ ಎಂದು ಕೇಳಿ. ಎಷ್ಟೋ ಸಲ ಅದು ಗಂಟಲಲ್ಲಿ ಗೊರಗೊರ ಸದ್ದು. ರೋಗಿಯನ್ನು ಮಗ್ಗುಲಿಗೆ ತಿರುಗಿಸಿ, ಆ ಸದ್ದಿಗೆ ಬೇರೆ ಔಷಧ ಬೇಕೇ ಎಂದು ವೈದ್ಯರನ್ನು ಕೇಳಿ.