‘ಗಿವ್ ಅಪ್’ ಅನ್ನು ಸ್ಪ್ಯಾನಿಷ್‌ಗೆ ತರುವುದು: ಒಂದು ಲೇಖನಕ್ಕೆ ಸಂಪಾದಕರ ಉತ್ತರ

ಪ್ರೀತಿಯ ಬರಹಗಾರರಿಗೆ,

ನಮಸ್ಕಾರ. ಇಂಗ್ಲಿಷಿನ ಫ್ರೇಸಲ್ ವರ್ಬ್‌ಗಳನ್ನು, ಅಂದರೆ ‘ಅಪ್’, ‘ಔಟ್’ ಥರದ ಪುಟ್ಟ ಮಾತು ಸೇರಿ ಬೇರೆ ಅರ್ಥ ಕೊಡುವ ಕ್ರಿಯಾಪದಗಳನ್ನು, ಸ್ಪ್ಯಾನಿಷ್‌ಗೆ ಅನುವಾದಿಸುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಕೊನೆಯಲ್ಲಿ ಸೇರಿಸಿದ್ದ ಪುಟ್ಟ ಸಂಭಾಷಣೆಯನ್ನೂ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಎರಡು ಸಾಲಿನ ವಿಷಾದಪತ್ರ ಕಳಿಸಿ ಸುಮ್ಮನಾಗಲು ಮನಸ್ಸು ಬರಲಿಲ್ಲ. ನೀವು ಆ ಭಾಷೆಯನ್ನು ಪ್ರೀತಿಯಿಂದ ಕಲಿತಿದ್ದೀರಿ ಅನ್ನುವುದು ಕಾಣುತ್ತದೆ. ಲೇಖನದಲ್ಲಿ ಮಾತ್ರ ಆ ಪ್ರೀತಿ ಪಟ್ಟಿಯ ಕೆಳಗೆ ಸಿಕ್ಕಿಹಾಕಿಕೊಂಡಿದೆ. ಅದಕ್ಕೇ ಬಿಚ್ಚಿ ಹೇಳುತ್ತೇನೆ.

ಮೊದಲ ಪುಟ ಪೂರ್ತಿ ತೆಗೆಯಿರಿ. ಸ್ಪ್ಯಾನಿಷ್ ಎಷ್ಟು ದೇಶಗಳಲ್ಲಿದೆ, ಮ್ಯಾಡ್ರಿಡ್‌ನ ರಾಯಲ್ ಅಕಾಡೆಮಿ 1713ರಲ್ಲಿ ಶುರುವಾಯಿತು ಅನ್ನುವುದೆಲ್ಲ ನಿಜವೇ. ನೀವು ಮುಂದೆ ಹೇಳುವ ಯಾವ ಮಾತಿಗೂ ಅದು ಬೇಕಾಗಿಲ್ಲ. ಎರಡನೇ ಪುಟದಿಂದ ಎಡಕ್ಕೆ ಇಂಗ್ಲಿಷ್, ಬಲಕ್ಕೆ ಸ್ಪ್ಯಾನಿಷ್, ನಡುವೆ ಒಂದು ಗೆರೆ. ಪುಟಗಟ್ಟಲೆ ಹೀಗೇ ಹೋಗುತ್ತದೆ. ಇದು ಪರೀಕ್ಷೆಗೆ ಓದುವವರ ನೋಟ್ಸ್ ಆಗಬಹುದು, ಲೇಖನ ಆಗುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ, ಒಂದಕ್ಕೆ ಒಂದು ಸಮ ಅಂತ ಬರೆದ ತಕ್ಷಣ ಅರ್ಧ ತಪ್ಪಾಗಿಬಿಡುತ್ತದೆ.

‘ಗಿವ್ ಅಪ್’ ಎದುರಿಗೆ ನೀವು ‘ರೆಂದಿರ್ಸೆ’ ಅಂತ ಬರೆದಿದ್ದೀರಿ. ಹೋರಾಡುತ್ತಿದ್ದವನು ಸೋಲೊಪ್ಪಿಕೊಂಡರೆ ಅದು ಸರಿ. ಸಿಗರೇಟು ಬಿಟ್ಟವನಿಗೆ ಅದನ್ನು ಹೇಳಲು ಬರುವುದಿಲ್ಲ, ಅಲ್ಲಿ ‘ದೆಹಾರ್ ದೆ ಫುಮಾರ್’ ಆಗಬೇಕು. ಆಸೆ ಕೈಬಿಟ್ಟರೆ ‘ಪೆರ್ದೆರ್ ಲಾ ಎಸ್ಪೆರಾನ್ಸಾ’. ಬಸ್ಸಿನಲ್ಲಿ ವಯಸ್ಸಾದವರಿಗೆ ಸೀಟು ಬಿಟ್ಟುಕೊಟ್ಟರೆ ‘ಸೆದೆರ್ ಎಲ್ ಅಸಿಯೆಂತೊ’. ಇಂಗ್ಲಿಷಿನ ಒಂದೇ ಮಾತಿಗೆ ಸ್ಪ್ಯಾನಿಷ್‌ನಲ್ಲಿ ನಾಲ್ಕು ಬೇರೆ ಬೇರೆ ಕ್ರಿಯಾಪದಗಳು. ಕನ್ನಡದಲ್ಲೂ ನಾವು ನಾಲ್ಕು ಕಡೆ ನಾಲ್ಕು ರೀತಿ ಹೇಳಿದೆವು, ಗಮನಿಸಿದಿರಾ? ಈ ನಾಲ್ಕು ಸಾಲು ನಿಮ್ಮ ಇಡೀ ಪಟ್ಟಿಗಿಂತ ಜಾಸ್ತಿ ಕಲಿಸುತ್ತವೆ. ಹೀಗೆ ಐದಾರು ಮಾತು ತೆಗೆದುಕೊಂಡು ಒಂದೊಂದರ ಬಳಿಯೂ ನಿಂತು ನೋಡಿ. ಉಳಿದದ್ದನ್ನು ಬಿಟ್ಟುಬಿಡಿ.

‘ಫೈಂಡ್ ಔಟ್’ ವಿಷಯದಲ್ಲಿ ನೇರವಾಗಿಯೇ ತಪ್ಪು ಆಗಿದೆ. ನಿಮ್ಮ ಉದಾಹರಣೆಯಲ್ಲಿ ಒಬ್ಬನಿಗೆ ಹಳೆಯ ಗೆಳತಿಗೆ ಮದುವೆಯಾಗಿದೆ ಅಂತ ಯಾರದೋ ಬಾಯಿಂದ ಗೊತ್ತಾಗುತ್ತದೆ. ನೀವು ‘ಅವೆರಿಗ್ವಾರ್’ ಬಳಸಿದ್ದೀರಿ. ಅದರ ಅರ್ಥ ವಿಚಾರಿಸಿ ಪತ್ತೆ ಹಚ್ಚುವುದು. ಓದುವವರಿಗೆ ಅವನು ಅವಳ ಹಿಂದೆ ಬಿದ್ದು ವಿಚಾರಣೆ ಮಾಡಿದ ಹಾಗೆ ಕೇಳಿಸುತ್ತದೆ. ತಾನಾಗಿ ಕಿವಿಗೆ ಬಿದ್ದರೆ ‘ಎಂತೆರಾರ್ಸೆ’. ಪತ್ತೆ ಹಚ್ಚುವುದಕ್ಕೂ ಗೊತ್ತಾಗುವುದಕ್ಕೂ ಇರುವ ವ್ಯತ್ಯಾಸ ಕನ್ನಡಿಗರಿಗೆ ಹೇಳಿಕೊಡಬೇಕಾಗಿಲ್ಲ. ನಿಮಗೂ ಅದು ಗೊತ್ತಿದೆ. ಆದರೆ ನೀವು ಇಂಗ್ಲಿಷ್ ಮಾತನ್ನೇ ನೋಡುತ್ತಾ ಕೂತಿರಿ, ಆ ಮನುಷ್ಯನಿಗೆ ಏನಾಯಿತು ಅಂತ ನೋಡಲಿಲ್ಲ.

ನಿಘಂಟಿನಿಂದ ಬರುವ ಇನ್ನೊಂದು ತೊಂದರೆಯೂ ನಿಮ್ಮಲ್ಲಿದೆ. ‘ಪುಟ್ ಅಪ್ ವಿತ್’ಗೆ ಎಲ್ಲ ಕಡೆ ‘ತೊಲೆರಾರ್’ ಹಾಕಿದ್ದೀರಿ. ಇಂಗ್ಲಿಷಿನ ‘ಟಾಲರೇಟ್’ ಥರ ಕಾಣುತ್ತದೆ, ಅರ್ಥವೂ ತಪ್ಪಲ್ಲ. ಆದರೆ ಅಕ್ಕ ತಮ್ಮನ ಕಾಟಕ್ಕೆ ಬೇಸತ್ತು ಆಡುವ ಮಾತಿಗೆ ಅದು ತುಂಬಾ ಗಂಭೀರವಾಯಿತು. ಅಲ್ಲಿ ‘ನೊ ಲೊ ಅಗ್ವಾಂತೊ’ ಅನ್ನಬೇಕು. ಮ್ಯಾಡ್ರಿಡ್‌ನಿಂದ ಲಿಮಾವರೆಗೆ ಎಲ್ಲರಿಗೂ ಅರ್ಥವಾಗುತ್ತದೆ. ಅಕ್ಕ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನವಳಾದರೆ ‘ನೊ ಮೆ ಲೊ ಬಾಂಕೊ’ ಅನ್ನಬಹುದು.

ಈಗ ನನಗೆ ತುಂಬಾ ಮುಖ್ಯ ಅನಿಸಿದ ವಿಷಯಕ್ಕೆ ಬರುತ್ತೇನೆ. ನೀವು ಕನ್ನಡದವರು. ನಿಮ್ಮ ಲೇಖನದಲ್ಲಿ ಕನ್ನಡ ಬರೀ ವಿವರಣೆಯ ಭಾಷೆಯಾಗಿದೆ. ಅದನ್ನು ಕೆಲಸಕ್ಕೆ ಹಚ್ಚಿಯೇ ಇಲ್ಲ. ಇಂಗ್ಲಿಷ್ ‘ಸ್ವಿಮ್ ಅಕ್ರಾಸ್’ ಅನ್ನುತ್ತದೆ. ಈಜುವುದು ಕ್ರಿಯಾಪದದಲ್ಲಿ, ದಾಟುವುದು ಆ ಪುಟ್ಟ ಬಾಲದಲ್ಲಿ. ಸ್ಪ್ಯಾನಿಷ್ ಇದನ್ನು ತಿರುಗಿಸುತ್ತದೆ: ‘ಕ್ರುಸೊ ಎಲ್ ರಿಯೊ ನದಾಂದೊ’. ದಾಟಿದ್ದು ಮುಖ್ಯ ಕ್ರಿಯಾಪದ, ಈಜಿದ್ದು ಜೊತೆಗೆ ಬರುವ ಮಾತು. ನಾವು ಏನಂತೇವೆ? ‘ಈಜಿಕೊಂಡು ಹೊಳೆ ದಾಟಿದ’. ಅಲ್ಲೂ ದಾಟಿದ್ದೇ ಮುಖ್ಯ, ಅಲ್ವಾ? ‘ಕಿಕ್ ಓಪನ್’ ನೋಡಿ. ಸ್ಪ್ಯಾನಿಷ್‌ನಲ್ಲಿ ‘ಅಬ್ರಿಯೊ ಲಾ ಪುಯೆರ್ತಾ ದೆ ಉನಾ ಪತಾದಾ’, ಅಂದರೆ ಒಂದು ಒದೆತದಲ್ಲಿ ಬಾಗಿಲು ತೆರೆದ. ಕನ್ನಡದಲ್ಲಿ ‘ಬಾಗಿಲು ಒದ್ದು ತೆರೆದ’. ಮೇಣದ ಬತ್ತಿಯನ್ನು ಅವರು ಒಂದು ಊದಿನಲ್ಲಿ ಆರಿಸುತ್ತಾರೆ, ನಾವು ಊದಿ ಆರಿಸುತ್ತೇವೆ.

ಅಮೆರಿಕದ ಭಾಷಾವಿಜ್ಞಾನಿ ಲೆನಾರ್ಡ್ ಟಾಲ್ಮಿ 1985ರ ಬರಹವೊಂದರಲ್ಲಿ ಈ ವ್ಯತ್ಯಾಸವನ್ನು ಬಿಡಿಸಿ ತೋರಿಸಿದರು. ಬಾಟಲಿಯೊಂದು ತೇಲುತ್ತಾ ಗುಹೆಯೊಳಗೆ ಹೋಗುವುದು ಅವರ ಹೆಸರಾಂತ ಉದಾಹರಣೆ. ಚಲನೆಯ ದಾರಿಯನ್ನು ಇಂಗ್ಲಿಷ್ ಕ್ರಿಯಾಪದದ ಹೊರಗೆ ಇಡುತ್ತದೆ, ಸ್ಪ್ಯಾನಿಷ್ ಕ್ರಿಯಾಪದದ ಒಳಗೇ ಇಡುತ್ತದೆ. ಅದೇ ದಾರಿಯಲ್ಲಿ ಮುಂದೆ ಹೋದ ಇನ್ನೊಬ್ಬ ಭಾಷಾವಿಜ್ಞಾನಿ ಡಾನ್ ಸ್ಲೋಬಿನ್ ಕಾದಂಬರಿಗಳ ಅನುವಾದಗಳನ್ನು ಹೋಲಿಸಿ ನೋಡಿದರು. ಇಂಗ್ಲಿಷಿನಲ್ಲಿ ಪಾತ್ರ ಹೇಗೆ ನಡೆಯಿತು, ಓಡಿತು, ತೆವಳಿತು ಅಂತ ಇರುವ ವಿವರವನ್ನು ಸ್ಪ್ಯಾನಿಷ್ ಅನುವಾದಕರು ಹಲವು ಕಡೆ ಬಿಟ್ಟುಬಿಡುತ್ತಾರೆ. ಅದು ಸೋಮಾರಿತನ ಅಲ್ಲ. ಬೆಂಕಿ ಬಿದ್ದ ಮನೆಯಿಂದ ಹೊರಗೆ ಬಂದ ಅಂದರೆ ಸಾಕು, ಓಡಿ ಬಂದ ಅಂತ ಓದುಗರಿಗೆ ತಿಳಿಯುತ್ತದೆ. ನಿಮ್ಮ ಅನುವಾದದಲ್ಲಿ ಪ್ರತಿ ಸಾಲಿಗೂ ಒಂದು ‘ಕೊರ್ರಿಯೆಂದೊ’ (ಓಡುತ್ತಾ) ಬಂದಿದೆ. ಮೂರನೇ ಸಾಲಿಗೇ ಸುಸ್ತಾಗುತ್ತದೆ. ಓಟವೇ ಮುಖ್ಯವಾದ ಕಡೆ ಮಾತ್ರ ಅದನ್ನು ಉಳಿಸಿಕೊಳ್ಳಿ.

‘ಈಟ್ ಅಪ್’ ಬಗ್ಗೆಯೂ ಹೀಗೇ ಯೋಚಿಸಿ. ಇಲ್ಲಿ ‘ಅಪ್’ ಅಂದರೆ ಮೇಲೆ ಅಲ್ಲ, ಪೂರ್ತಿ ಮುಗಿಯಿತು ಅಂತ. ಸ್ಪ್ಯಾನಿಷ್‌ನಲ್ಲಿ ಆ ಕೆಲಸವನ್ನು ಚಿಕ್ಕದೊಂದು ‘ಸೆ’ ಮಾಡುತ್ತದೆ: ‘ಸೆ ಲೊ ಕೊಮಿಯೊ ತೊದೊ’. ಕನ್ನಡದಲ್ಲಿ ‘ಬಿಡು’ ಮಾಡುತ್ತದೆ: ‘ಎಲ್ಲಾ ತಿಂದುಬಿಟ್ಟ’. ಇದನ್ನು ತೋರಿಸಿದರೆ ಸ್ಪ್ಯಾನಿಷ್ ಒಂದಕ್ಷರ ಬಾರದ ಓದುಗರೂ ನಿಮ್ಮ ಜೊತೆ ಬರುತ್ತಾರೆ. ಇಂಗ್ಲಿಷಿನಲ್ಲಿ ಬರೆದ ಪಠ್ಯಗಳಲ್ಲಿ ಈ ಹೋಲಿಕೆ ಸಿಗುವುದಿಲ್ಲ, ಯಾಕೆಂದರೆ ಅವರ ಕೈಯಲ್ಲಿ ಕನ್ನಡ ಇಲ್ಲ. ನಿಮ್ಮ ಕೈಯಲ್ಲಿದೆ.

ಇನ್ನು ಪ್ರದೇಶದ ಮಾತು. ನೀವು ‘ಸ್ಪೇನ್’ ಮತ್ತು ‘ಲ್ಯಾಟಿನ್ ಅಮೆರಿಕ’ ಅಂತ ಎರಡು ಕಂಬ ನೆಟ್ಟು ಎಲ್ಲವನ್ನೂ ಅಲ್ಲಿಗೆ ಕಟ್ಟಿದ್ದೀರಿ. ಮೆಕ್ಸಿಕೊದಿಂದ ಚಿಲಿಯ ತುದಿಯವರೆಗೆ ಒಂದೇ ಸ್ಪ್ಯಾನಿಷ್ ಇಲ್ಲ. ‘ಕೊಹೆರ್’ ಬಗ್ಗೆ ನೀವು ಕೊಟ್ಟ ಎಚ್ಚರಿಕೆಯನ್ನೇ ನೋಡಿ. ಸ್ಪೇನ್‌ನಲ್ಲಿ ಬಸ್ ಹಿಡಿಯುವುದಕ್ಕೂ ಫೋನ್ ಎತ್ತುವುದಕ್ಕೂ ಅದು ದಿನಬಳಕೆಯ ಪದ. ಮೆಕ್ಸಿಕೊ, ಅರ್ಜೆಂಟೀನಾಗಳಲ್ಲಿ ಅಶ್ಲೀಲ ಅರ್ಥ ಬರುತ್ತದೆ. ಇಲ್ಲಿಯವರೆಗೆ ಸರಿ. ‘ಲ್ಯಾಟಿನ್ ಅಮೆರಿಕದಲ್ಲಿ ಎಲ್ಲೂ ಬಳಸಬೇಡಿ’ ಅನ್ನುವುದು ಮಾತ್ರ ತಪ್ಪು. ಕೊಲಂಬಿಯಾದ ಬೊಗೊಟಾದಲ್ಲಿ ಜನ ಯಾವ ಸಂಕೋಚವೂ ಇಲ್ಲದೆ ‘ಕೊಹೆರ್ ಎಲ್ ಬುಸ್’ ಅನ್ನುತ್ತಾರೆ. ಹವಾನಾದಲ್ಲೂ ಅನ್ನುತ್ತಾರೆ, ಆದರೆ ಅಲ್ಲಿ ಬಸ್ಸಿಗೆ ‘ಗ್ವಾಗ್ವಾ’. ಅದೇ ‘ಗ್ವಾಗ್ವಾ’ ಚಿಲಿಯಲ್ಲಿ ಎಳೆ ಮಗು. ದಕ್ಷಿಣ ಅಮೆರಿಕದ ಮೂಲನಿವಾಸಿಗಳ ಕ್ವೆಚುವಾ ಭಾಷೆಯಿಂದ ಆ ಅರ್ಥ ಬಂದಿದೆ.

‘ಸ್ಟ್ಯಾಂಡ್ ಅಪ್’ ನಿಮ್ಮ ಪಟ್ಟಿಯಲ್ಲಿ ಒಂದು ಸಾಲು. ನನ್ನ ಪ್ರಕಾರ ಅದಕ್ಕೆ ಒಂದು ಪುಟ ಸಲ್ಲಬೇಕು. ಮೆಕ್ಸಿಕೊದ ಶಿಕ್ಷಕಿ ಹುಡುಗನಿಗೆ ‘ಪಾರತೆ’ ಅಂದರೆ ಎದ್ದು ನಿಲ್ಲು ಅಂತ. ಮ್ಯಾಡ್ರಿಡ್‌ನ ಹುಡುಗನಿಗೆ ಅದೇ ಮಾತು, ಓಡಬೇಡ, ನಿಲ್ಲು ಅಂತ ಕೇಳಿಸುತ್ತದೆ. ಅವನಿಗೆ ‘ಪೊಂತೆ ದೆ ಪಿಯೆ’ ಅನ್ನಬೇಕು. ನಮ್ಮ ‘ನಿಲ್ಲು’ ಕೂಡ ಎರಡೂ ಕೆಲಸ ಮಾಡುತ್ತದೆ ತಾನೇ? ನಮ್ಮ ಓದುಗರಿಗೆ ಈ ಗೊಂದಲ ತಟ್ಟನೆ ಹಿಡಿಸುತ್ತದೆ. ಎಲ್ಲ ಕಡೆ ನಡೆಯುವ ಪದ ಬೇಕಿದ್ದರೆ ‘ಲೆವಾಂತಾರ್ಸೆ’ ಇದೆ. ದೀಪ ಆರಿಸುವುದಕ್ಕೆ ‘ಅಪಗಾರ್’, ಬರುತ್ತೇನೆಂದು ಹೇಳಿ ಕೈಕೊಡುವುದಕ್ಕೆ ‘ದೆಹಾರ್ ಪ್ಲಾಂತಾದೊ’ ಕೂಡ ಎಲ್ಲ ಕಡೆ ಸಲ್ಲುತ್ತವೆ. ಇವನ್ನೂ ಹೇಳಿ. ಎಲ್ಲವೂ ಊರಿಂದ ಊರಿಗೆ ಬದಲಾಗುತ್ತದೆ ಅಂತ ಹೊಸಬರನ್ನು ಹೆದರಿಸಬೇಕಾಗಿಲ್ಲ.

ನಿಮ್ಮ ಸಂಭಾಷಣೆ ಎಡವಿದ್ದು ಇಲ್ಲೇ. ಬೊಗೊಟಾದ ಇಬ್ಬರು ಗೆಳೆಯರು ಫೋನಿನಲ್ಲಿ ಮಾತಾಡುತ್ತಾರೆ. ಒಬ್ಬನ ಕಾರು ದಾರಿಯಲ್ಲಿ ಕೆಟ್ಟು ನಿಂತಿದೆ. ಅವನ ಬಾಯಲ್ಲಿ ನೀವು ಇಟ್ಟಿದ್ದು ‘ಸೆ ಮೆ ಆ ಅವೆರಿಯಾದೊ ಎಲ್ ಕೊಚೆ’. ಅದು ಸ್ಪೇನ್‌ನವರ ಮಾತು. ಬೊಗೊಟಾದವನು ‘ಸೆ ಮೆ ಬಾರೊ ಎಲ್ ಕಾರ್ರೊ’ ಅನ್ನುತ್ತಾನೆ. ಮೆಕ್ಸಿಕೊದವನಿಗಾದರೆ ‘ಸೆ ಮೆ ದೆಸ್ಕೊಂಪುಸೊ’, ಚಿಲಿಯವನಿಗಾದರೆ ‘ಕೆದೆ ಎನ್ ಪಾನಾ’. ಮುಂದಿನ ಸಾಲಿನಲ್ಲಿ ‘ಹರಿ ಅಪ್’ಗೆ ‘ದಾತೆ ಪ್ರಿಸಾ’ ಹಾಕಿದ್ದೀರಿ, ಅದೂ ಸ್ಪೇನ್‌ನದೇ. ಅಮೆರಿಕ ಖಂಡದಲ್ಲಿ ‘ಅಪೂರತೆ’ ಜಾಸ್ತಿ. ಬ್ಯೂನಸ್ ಐರಿಸ್‌ಗೆ ಹೋದರೆ ಒತ್ತು ಜರುಗಿ ‘ಅಪುರಾತೆ’ ಆಗುತ್ತದೆ. ಬೊಗೊಟಾದಲ್ಲಂತೂ ಆಪ್ತ ಗೆಳೆಯರೂ ಎಷ್ಟೋ ಸಲ ಮರ್ಯಾದೆಯ ‘ಉಸ್ತೆದ್’ನಲ್ಲೇ ಮಾತಾಡುತ್ತಾರೆ. ಆಗ ‘ಅಪೂರೆಸೆ’. ಊರನ್ನು ಆರಿಸಿದ್ದು ನೀವೇ. ಆರಿಸಿದ ಮೇಲೆ ಆ ಊರಿನವರ ಹಾಗೆ ಮಾತಾಡಿಸಲೇಬೇಕು. ಸ್ಪ್ಯಾನಿಷ್ ಅಕಾಡೆಮಿಗಳ ಒಕ್ಕೂಟ 2010ರಲ್ಲಿ ಅಮೆರಿಕ ಖಂಡದ ಪದಗಳಿಗೇ ಒಂದು ದೊಡ್ಡ ನಿಘಂಟು ತಂದಿದೆ. ಯಾವ ಪದ ಯಾವ ದೇಶದ್ದು ಅಂತ ಅದರಲ್ಲಿ ಗುರುತು ಹಾಕಿದ್ದಾರೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಸಂಭಾಷಣೆಯನ್ನು ಮತ್ತೆ ಬರೆಯಿರಿ.

ಒಂದು ಕಡೆ ನಿಮ್ಮ ನಿಲುವನ್ನೇ ನಾನು ಒಪ್ಪುವುದಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ಸ್ಪ್ಯಾನಿಷ್ ಮಾತಾಡುವವರು ‘ಕಾಲ್ ಬ್ಯಾಕ್’ಗೆ ‘ತೆ ಯಾಮೊ ಪಾರಾ ಅತ್ರಾಸ್’ ಅನ್ನುವುದನ್ನು ನೀವು ‘ಕೆಟ್ಟುಹೋದ ಸ್ಪ್ಯಾನಿಷ್’ ಅಂತ ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದೀರಿ. ಮ್ಯಾಡ್ರಿಡ್‌ನವರಿಗೆ ಅದು ‘ಹಿಂದಕ್ಕೆ ಕರೆಯುತ್ತೇನೆ’ ಅಂತ ವಿಚಿತ್ರವಾಗಿ ಕೇಳಿಸುತ್ತದೆ, ನಿಜ. ಆದರೆ ನ್ಯೂಯಾರ್ಕಿನ ಪೋರ್ಟೊರಿಕನ್ ಮನೆಗಳಲ್ಲಿ ಅದು ಸಹಜ ಮಾತು. ಇಂಗ್ಲಿಷ್ ಜೊತೆಗೇ ಬಾಳುವ ಜಿಬ್ರಾಲ್ಟರ್‌ನಲ್ಲೂ ಕೇಳಿಬರುತ್ತದೆ. ಎರಡು ಭಾಷೆಯ ನಡುವೆ ಬದುಕುವವರು ಹೀಗೇ ಮಾಡುತ್ತಾರೆ. ನಾವು ‘ಕಾಲ್ ಬ್ಯಾಕ್ ಮಾಡ್ತೀನಿ’ ಅಂತ ಇಂಗ್ಲಿಷನ್ನು ಇಡಿಯಾಗಿ ಎತ್ತಿಕೊಂಡು ‘ಮಾಡು’ ಸೇರಿಸಿದೆವು. ಅವರು ಆ ‘ಬ್ಯಾಕ್’ ಅನ್ನು ತಮ್ಮ ಭಾಷೆಗೆ ತಿರುಗಿಸಿಕೊಂಡರು. ಇದನ್ನು ಬೈಯಬೇಡಿ. ನಾಳೆ ಬ್ರಾಂಕ್ಸ್‌ನ ಅಜ್ಜಿಯೊಬ್ಬರ ಮಾತನ್ನು ನೀವು ಅನುವಾದಿಸಬೇಕಾಗಿ ಬಂದರೆ ಇದೇ ಮಾತು ಬೇಕಾಗುತ್ತದೆ.

ಲಿಪ್ಯಂತರದಲ್ಲೂ ಸ್ವಲ್ಪ ಕೆಲಸ ಬಾಕಿ ಇದೆ. ‘ನೀನು’ ಅನ್ನುವ ಪದ ಒಂದು ಪುಟದಲ್ಲಿ ‘ವೋಸ್’, ಇನ್ನೊಂದರಲ್ಲಿ ‘ಬೋಸ್’ ಅಂತ ಇದೆ. ಸ್ಪ್ಯಾನಿಷ್‌ನಲ್ಲಿ ‘ವಿ’, ‘ಬಿ’ ಎರಡು ಅಕ್ಷರಕ್ಕೂ ಒಂದೇ ಉಚ್ಚಾರ, ಅದಕ್ಕೆ ‘ಬ’ ಉಳಿಸಿಕೊಳ್ಳಿ. ಬೀದಿಗೆ ಬೊಗೊಟಾದವರು ‘ಕಾಯೆ’ ಅಂದರೆ ಬ್ಯೂನಸ್ ಐರಿಸ್‌ನವರು ‘ಕಾಶೆ’ ಅನ್ನುತ್ತಾರೆ. ಯಾವ ಊರಿನ ಉಚ್ಚಾರದಂತೆ ಬರೆಯುತ್ತಿದ್ದೀರಿ ಅಂತ ಶುರುವಿನಲ್ಲೇ ಒಂದು ಸಾಲಿನಲ್ಲಿ ಹೇಳಿಬಿಡಿ. ಸಂಭಾಷಣೆ ಬೊಗೊಟಾದ್ದೇ ಆಗಿ ಉಳಿಯುವುದಾದರೆ ಉಚ್ಚಾರವೂ ಅಲ್ಲಿಯದೇ ಇರಲಿ. ತಿದ್ದಿದ ಪ್ರತಿಯನ್ನು ನನಗೇ ನೇರವಾಗಿ ಕಳಿಸಿ, ಕಾಯುತ್ತಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ